ಪಿಟೀಲಿನ ತಂತಿಯಿಂದ ಅಣುವಿನ ಕಂಪನಕ್ಕೆ: ಸಿ. ವಿ. ರಾಮನ್ ಅವರ ಇನ್ನೊಂದು ಕಥೆ

ಸಿ. ವಿ. ರಾಮನ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಫೆಬ್ರವರಿ 28. ಆ ದಿನ ಕಾಲೇಜಿನಲ್ಲಿ ಬ್ಯಾನರ್ ಕಟ್ಟುತ್ತೇವೆ, ಕ್ವಿಜ್ ಇಡುತ್ತೇವೆ, ಸಮುದ್ರ ಯಾಕೆ ನೀಲಿ ಎಂಬ ಪ್ರಶ್ನೆಗೆ ಯಾರೋ ಒಬ್ಬರು ಉತ್ತರ ಹೇಳಿ ಬಹುಮಾನ ತಗೊಳ್ತಾರೆ. ಅಲ್ಲಿಗೆ ಮುಗೀತು. ಆದರೆ ನೊಬೆಲ್ ತಂದುಕೊಟ್ಟ ಬೆಳಕಿನ ಕೆಲಸಕ್ಕೆ ಪೂರ್ತಿ ಇಳಿಯುವ ಮೊದಲು, ಹತ್ತು ಹನ್ನೆರಡು ವರ್ಷ ರಾಮನ್ ಅವರ ಮೇಜಿನ ಮೇಲೆ ಹೆಚ್ಚಾಗಿ ಇದ್ದದ್ದು ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾ. ವಾದ್ಯದ ಸದ್ದನ್ನು ಅಳೆಯಬಹುದು, ಅಳೆದರೆ ಅದರ ಗುಟ್ಟು ಗೊತ್ತಾಗುತ್ತದೆ ಎಂದು ನಂಬಿ ನಮ್ಮ ದೇಶದಲ್ಲಿ ಮೊದಲು ಲ್ಯಾಬಿನೊಳಗೆ ವಾದ್ಯ ತಂದವರಲ್ಲಿ ಅವರೊಬ್ಬರು.

ಇನ್ನೊಂದು ತಮಾಷೆ ಉಂಟು. ಇವತ್ತು ಮುನ್ನೂರು ವರ್ಷ ಹಳೆಯದು ಎಂದು ಹೇಳಿಕೊಂಡು ಒಂದು ಪಿಟೀಲು ಮಾರಾಟಕ್ಕೆ ಬಂದರೆ, ಅದು ಅಸಲಿಯೋ ನಕಲಿಯೋ ಎಂದು ನೋಡುವ ಉಪಕರಣಗಳಲ್ಲಿ ಒಂದರ ಹೆಸರು ರಾಮನ್ ಸ್ಪೆಕ್ಟ್ರೋಮೀಟರ್. ತಂತಿಯಿಂದ ಶುರು ಮಾಡಿದ ಮನುಷ್ಯನ ಹೆಸರು ಸುತ್ತಿ ಬಳಸಿ ಮತ್ತೆ ವಾದ್ಯದ ಹತ್ತಿರವೇ ಬಂದು ನಿಂತಿದೆ. ಈ ಲೇಖನ ಆ ಸುತ್ತಿನ ಬಗ್ಗೆ.

ಪಿಟೀಲು ಇದ್ದ ಮನೆ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಮುಂದೆ ವಿಶಾಖಪಟ್ಟಣದ ಕಾಲೇಜಿಗೆ ಹೋದರು. ಅವರಿಗೆ ಪಿಟೀಲು ಬರುತ್ತಿತ್ತು. ಮನೆಯಲ್ಲಿ ಒಂದು ಕಡೆ ಭೌತಶಾಸ್ತ್ರದ ಪುಸ್ತಕ, ಇನ್ನೊಂದು ಕಡೆ ಪಿಟೀಲು. ಹುಡುಗ ಎರಡನ್ನೂ ನೋಡಿಕೊಂಡು ಬೆಳೆದ.

ಹನ್ನೊಂದನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ, 1904ರಲ್ಲಿ ಚಿನ್ನದ ಪದಕದೊಡನೆ ಬಿ.ಎ. ಮಾಡಿದರು. 1906ರಲ್ಲಿ, ಅಂದರೆ ಹದಿನೆಂಟನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅವರ ಮೊದಲ ಲೇಖನ ಬಂತು. ನಾವು ಆ ವಯಸ್ಸಿನಲ್ಲಿ ಮೊದಲ ಸೆಮಿಸ್ಟರಿನ ಬ್ಯಾಕ್‌ಲಾಗ್ ಲೆಕ್ಕ ಹಾಕುತ್ತಿರುತ್ತೇವೆ, ಬಿಡಿ. 1907ರಲ್ಲಿ ಎಂ.ಎ. ಆಯಿತು, ಲೋಕಸುಂದರಿ ಅವರೊಡನೆ ಮದುವೆಯೂ ಆಯಿತು. ಲೋಕಸುಂದರಿಯವರು ವೀಣೆ ಬಲ್ಲವರು. ಹೀಗಾಗಿ ತಂದೆಯ ಪಿಟೀಲಿನ ಜೊತೆ ಹೆಂಡತಿಯ ವೀಣೆಯೂ ರಾಮನ್ ಬದುಕಿನೊಳಗೆ ಬಂತು.

ಆ ಕಾಲದಲ್ಲಿ ವಿಜ್ಞಾನ ಮಾಡಿ ಹೊಟ್ಟೆ ಹೊರೆಯುವ ದಾರಿ ಭಾರತೀಯರಿಗೆ ಇರಲಿಲ್ಲ ಅಂದರೂ ಆದೀತು. ಇಂಗ್ಲೆಂಡಿಗೆ ಹೋಗಿ ಓದೋಣ ಎಂದರೆ, ಅಲ್ಲಿಯ ಚಳಿ ಈ ಶರೀರಕ್ಕೆ ಆಗುವುದಿಲ್ಲ ಎಂದು ವೈದ್ಯರು ತಡೆದರು. ಆಗ ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು, ಮೊದಲಿಗರಾಗಿ ಪಾಸಾಗಿ, ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆದರು. ಒಳ್ಳೆ ಸಂಬಳ, ಗಟ್ಟಿ ನೌಕರಿ. ಮನೆಯವರು ನಿಟ್ಟುಸಿರು ಬಿಟ್ಟಿರಬೇಕು.

ಬೆಳಿಗ್ಗೆ ಲ್ಯಾಬು, ಹಗಲು ಲೆಕ್ಕಪತ್ರ

ಕಲ್ಕತ್ತಾದ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದಲ್ಲಿ ಒಂದು ಸಂಸ್ಥೆ ಇತ್ತು: ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ್ದು. ಭಾರತೀಯರು ತಾವೇ ಸಂಶೋಧನೆ ಮಾಡಬೇಕು ಎಂಬುದು ಅವರ ಕನಸು. ಆದರೆ ಅವರು ತೀರಿಕೊಂಡ ಮೇಲೆ ಲ್ಯಾಬಿನಲ್ಲಿ ಕೆಲಸ ಮಾಡುವವರೇ ಇರಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಬೋರ್ಡು ಕಂಡ ರಾಮನ್ ಒಳಗೆ ಹೋದರು. ಅವರಿಗೆ ಲ್ಯಾಬ್ ಬೇಕಿತ್ತು, ಲ್ಯಾಬಿಗೆ ಮನುಷ್ಯ ಬೇಕಿತ್ತು.

ಅಲ್ಲಿಂದ ಮುಂದೆ ದಿನಚರಿ ಹೀಗೆ: ಬೆಳಿಗ್ಗೆ ಐದೂವರೆಗೆ ಲ್ಯಾಬು. ಹತ್ತು ಗಂಟೆಯ ಮೊದಲು ಮನೆಗೆ ಬಂದು ಊಟ ಮಾಡಿ ಆಫೀಸಿಗೆ ಓಟ. ಸಂಜೆ ಐದಕ್ಕೆ ಮತ್ತೆ ಲ್ಯಾಬು, ರಾತ್ರಿ ಒಂಬತ್ತೂವರೆ ಹತ್ತಕ್ಕೆ ಮನೆ. ಭಾನುವಾರ ಪೂರ್ತಿ ಲ್ಯಾಬು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾಗಿ, 1911ರಲ್ಲಿ ಕಲ್ಕತ್ತಾಕ್ಕೆ ವಾಪಸ್ ಬಂದರು. ಜೊತೆಗಿದ್ದವರು ಆಶುತೋಷ್ ಡೇ ಎಂಬ ಸಹಾಯಕರು. ಕಾಲೇಜು ಓದಿದವರಲ್ಲ, ಆದರೆ ಉಪಕರಣ ಕಟ್ಟುವುದರಲ್ಲಿ ನಿಸ್ಸೀಮರು.

ದುಡ್ಡಿಲ್ಲದ ಲ್ಯಾಬಿನಲ್ಲಿ ಏನು ಮಾಡಬಹುದು? ರಾಮನ್ ಆರಿಸಿಕೊಂಡ ದಾರಿ ಜಾಣತನದ್ದು. ವಾದ್ಯಗಳು ಎಲ್ಲ ಕಡೆ ಸಿಗುತ್ತವೆ, ಅಗ್ಗ, ಅದರೊಳಗಿನ ಭೌತಶಾಸ್ತ್ರ ಮಾತ್ರ ಸಿಕ್ಕಾಪಟ್ಟೆ ಆಳ. ಏಕತಾರಿಯಿಂದ ಶುರುವಾಗಿ ಪಿಟೀಲಿಗೆ ಬಂದರು.

ಕಮಾನು ನಿಂತಿತು, ಪಿಟೀಲು ಓಡಿತು

ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ಏನಾಗುತ್ತದೆ? ಕಮಾನಿನ ಕುದುರೆಕೂದಲು ತಂತಿಯನ್ನು ಹಿಡಿದುಕೊಂಡು ಸ್ವಲ್ಪ ದೂರ ಎಳೆಯುತ್ತದೆ. ಆಮೇಲೆ ತಂತಿ ಜಾರಿ ಹಿಂದೆ ಬರುತ್ತದೆ. ಮತ್ತೆ ಹಿಡಿತ, ಮತ್ತೆ ಜಾರಾಟ. ಮೆಕ್ಯಾನಿಕಲ್‌ನವರಿಗೆ ಇದು ಗೊತ್ತಿರುವ ಸ್ಟಿಕ್-ಸ್ಲಿಪ್. ತಂತಿಯಲ್ಲಿ ಒಂದು ಮೂಲೆಯಂಥ ತಿರುವು ಆ ತುದಿಯಿಂದ ಈ ತುದಿಗೆ ಸುತ್ತುತ್ತಾ ಇರುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದರು. ರಾಮನ್ ಅದಕ್ಕೆ ಪೂರ್ತಿ ಗಣಿತ ಕೊಟ್ಟರು: ತಂತಿಯ ವೇಗದ ಅಲೆಯಲ್ಲಿ ಒಂದೇ ಜಿಗಿತ ಇದ್ದರೆ ಯಾವ ಚಲನೆ, ಎರಡಿದ್ದರೆ ಯಾವುದು, ಮೂರಿದ್ದರೆ ಯಾವುದು ಎಂದು ವರ್ಗ ಮಾಡಿ, ಫೋಟೋ ತೆಗೆದು ಪರೀಕ್ಷಿಸಿದರು. 1918ರಲ್ಲಿ ಸಂಸ್ಥೆಯ 15ನೇ ಬುಲೆಟಿನ್ ಆಗಿ ಬಂದ ಈ ಪ್ರಬಂಧವನ್ನು ಪಿಟೀಲಿನ ಭೌತಶಾಸ್ತ್ರ ಓದುವವರು ಈಗಲೂ ತೆರೆಯುತ್ತಾರೆ.

ಆದರೆ ಒಂದು ತೊಂದರೆ. ಮನುಷ್ಯ ನುಡಿಸಿದರೆ ಒಂದು ಸಲ ಒತ್ತಿದ ಹಾಗೆ ಇನ್ನೊಂದು ಸಲ ಒತ್ತುವುದಿಲ್ಲ. ವಾದ್ಯದ ಗುಣ ಯಾವುದು, ನುಡಿಸುವವನ ಗುಣ ಯಾವುದು ಎಂದು ಬೇರೆ ಮಾಡುವುದು ಹೇಗೆ? ಅದಕ್ಕೆ ರಾಮನ್ ಯಂತ್ರವೊಂದನ್ನು ಕಟ್ಟಿಸಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಂತಿರುತ್ತದೆ. ಪಿಟೀಲು ಒಂದೇ ವೇಗದಲ್ಲಿ ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಒತ್ತಡ, ವೇಗ, ಕುದುರೆಯಿಂದ ಕಮಾನಿಗಿರುವ ದೂರ, ಈ ಮೂರನ್ನೂ ಬೇಕಾದ ಹಾಗೆ ಇಡಬಹುದು. 1920ರ ಹೊತ್ತಿಗೆ ಬಂದ ಫಲಿತಾಂಶ ಚೊಕ್ಕವಾಗಿತ್ತು: ಸ್ವರ ಸರಿಯಾಗಿ ನಿಲ್ಲಬೇಕಾದರೆ ಕಮಾನಿಗೆ ಇಂತಿಷ್ಟು ಕನಿಷ್ಠ ಒತ್ತಡ ಬೇಕು. ಕಮಾನು ಕುದುರೆಗೆ ಹತ್ತಿರ ಬಂದು ದೂರ ಅರ್ಧವಾದರೆ, ಬೇಕಾದ ಒತ್ತಡ ನಾಲ್ಕು ಪಟ್ಟು. ವೇಗ ಹೆಚ್ಚಾದರೂ ಒತ್ತಡ ಹೆಚ್ಚು ಬೇಕು. ಪ್ರತಿಯೊಂದು ಸ್ವರಕ್ಕೂ ಈ ಕನಿಷ್ಠ ಒತ್ತಡ ಅಳೆದು ಗ್ರಾಫ್ ಹಾಕಿದರೆ, ಆ ಪಿಟೀಲಿನ ಒಡಲು ಎಲ್ಲೆಲ್ಲಿ ರೆಸೋನೇಟ್ ಆಗುತ್ತದೆ ಎಂದು ಕಾಣುತ್ತದೆ.

ಗಮನಿಸಿ, ಇಲ್ಲಿ ನಡೆದದ್ದು ದೊಡ್ಡ ಬದಲಾವಣೆ. ಈ ಪಿಟೀಲು ಚೆನ್ನಾಗಿದೆ ಎನ್ನುವ ಮಾತು ಅಲ್ಲಿಯ ತನಕ ಕಿವಿಯ ಅಭಿಪ್ರಾಯ. ಈಗ ಅದಕ್ಕೊಂದು ಗ್ರಾಫ್ ಸಿಕ್ಕಿತು. ಎರಡು ಪಿಟೀಲುಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಬಹುದು, ನುಡಿಸಿದವರು ಯಾರು ಎಂಬ ಪ್ರಶ್ನೆಯೇ ಇಲ್ಲದೆ. ಸೆಲ್ಲೋದಂಥ ವಾದ್ಯಗಳಲ್ಲಿ ಒಂದು ಸ್ವರಕ್ಕೆ ಬಂದಾಗ ಸದ್ದು ನಿಲ್ಲದೆ ಗುರ್ ಗುರ್ ಎಂದು ನಡುಗುವುದುಂಟು. ಅದಕ್ಕೆ ತೋಳದ ಸ್ವರ ಎಂದೇ ಹೆಸರು. ತಂತಿ ಮತ್ತು ಒಡಲಿನ ನಡುವೆ ಶಕ್ತಿ ಆಚೆ ಈಚೆ ಹೋಗುವುದರಿಂದ ಅದು ಹುಟ್ಟುತ್ತದೆ ಎಂಬುದನ್ನೂ ರಾಮನ್ ಪ್ರಯೋಗದಿಂದ ವಿವರಿಸಿದರು.

ಮದ್ದಳೆಗೆ ಕರಣೆ ಯಾಕೆ?

ಪೆರಾಬೆ, ಕಡಬ, ಸುಳ್ಯದ ಕಡೆಯವರಿಗೆ ಆಟ ನೋಡಿ ಅಭ್ಯಾಸ ಇರುತ್ತದೆ. ರಂಗಸ್ಥಳದಲ್ಲಿ ಭಾಗವತರ ಪಕ್ಕ ಮದ್ದಳೆ, ಇನ್ನೊಂದು ಕಡೆ ಚೆಂಡೆ. ಮದ್ದಳೆಯನ್ನು ಭಾಗವತರ ಶ್ರುತಿಗೆ ಸೇರಿಸುತ್ತಾರೆ. ಚೆಂಡೆ ಗುಡುಗುತ್ತದೆ, ಆದರೆ ಮದ್ದಳೆಯ ಹಾಗೆ ಸ್ವರವಾಗಿ ಶ್ರುತಿಗೆ ಕೂರುವುದಿಲ್ಲ. ಯಾಕೆ? ಮದ್ದಳೆಯ ಬಲಗಡೆಯ ಚರ್ಮದ ನಡುವೆ ಕಪ್ಪು ಕರಣೆ ಇರುತ್ತದೆ, ಚೆಂಡೆಗೆ ಅದು ಇಲ್ಲ. ಈ ಕಪ್ಪು ವೃತ್ತದ ಗುಟ್ಟನ್ನು ಬಿಡಿಸಿದವರು ರಾಮನ್. ಅವರು ಕೈಗೆತ್ತಿಕೊಂಡದ್ದು ಮೃದಂಗ ಮತ್ತು ತಬಲಾ. ತತ್ವ ಮಾತ್ರ ಮದ್ದಳೆಗೂ ಅದೇ.

ಎಂಜಿನಿಯರಿಂಗ್ ಗಣಿತದಲ್ಲಿ ವೃತ್ತಾಕಾರದ ಪೊರೆಯ ಕಂಪನ ಓದಿದವರಿಗೆ ಬೆಸೆಲ್ ಫಂಕ್ಷನ್ ನೆನಪಿರಬಹುದು. ಎಲ್ಲ ಕಡೆ ಒಂದೇ ದಪ್ಪ ಇರುವ ಚರ್ಮವನ್ನು ಬಿಗಿದು ಬಾರಿಸಿದರೆ ಬರುವ ಆವರ್ತನಗಳ ಅನುಪಾತ 1, 1.59, 2.14, 2.30, ಹೀಗೆ. ಇವು ಪೂರ್ಣಸಂಖ್ಯೆಗಳಲ್ಲ. ಅದಕ್ಕೇ ಸಾಮಾನ್ಯ ಡೋಲಿನಿಂದ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ತಂತಿಯಿಂದ ಬರುವ ಅನುಪಾತ 1, 2, 3, 4. ಅದಕ್ಕೇ ತಂತಿ ಹಾಡುತ್ತದೆ. ಮೃದಂಗದ ನಡುವೆ ಕರಣೆ ಮೆತ್ತಿದಾಗ ಆ ಭಾಗ ಭಾರವಾಗಿ, ಆವರ್ತನಗಳು ಸರಿದು, ಹೆಚ್ಚುಕಡಿಮೆ 1, 2, 3, 4, 5ರ ಸಾಲಿಗೆ ಬಂದು ನಿಲ್ಲುತ್ತವೆ.

1920ರಲ್ಲಿ ಶಿವಕಾಳಿ ಕುಮಾರ್ ಜೊತೆ ನೇಚರ್ ಪತ್ರಿಕೆಯಲ್ಲಿ ಇದರ ಮೊದಲ ಟಿಪ್ಪಣಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ವಿವರವಾಗಿ ಬರೆದರು. ಪ್ರಯೋಗ ಎಷ್ಟು ಸರಳ ನೋಡಿ: ಚರ್ಮದ ಮೇಲೆ ಸಣ್ಣ ಮರಳು ಉದುರಿಸುವುದು, ಬಾರಿಸುವುದು. ಚರ್ಮ ಅಲುಗದ ಗೆರೆಗಳ ಮೇಲೆ ಮರಳು ಸಾಲಾಗಿ ನಿಲ್ಲುತ್ತದೆ. ಬೆರಳು ಎಲ್ಲಿ ಇಡುತ್ತೀರಿ, ಎಲ್ಲಿ ಹೊಡೆಯುತ್ತೀರಿ ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ. ಹೀಗೆ ಒಂಬತ್ತು ಕಂಪನ ವಿಧಾನಗಳನ್ನು ಗುರುತಿಸಿ, ಅವು ಐದೇ ಹಾರ್ಮೋನಿಕ್‌ಗಳಾಗಿ ಗುಂಪುಗೂಡುತ್ತವೆ ಎಂದು ತೋರಿಸಿದರು. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಒಂದು, ಮೂರು ಮತ್ತು ನಾಲ್ಕಕ್ಕೆ ಎರಡೆರಡು, ಐದನೆಯದಕ್ಕೆ ಮೂರು.

ಇದನ್ನು ಕಂಡುಹಿಡಿದವರು ಯಾರು? ರಾಮನ್ ಅಲ್ಲ. ಪದರದ ಮೇಲೆ ಪದರ ಕರಣೆ ಮೆತ್ತಿ, ತಿಕ್ಕಿ, ಒಣಗಿಸಿ, ಕಿವಿಯಿಟ್ಟು ಕೇಳಿ, ಮತ್ತೆ ಮೆತ್ತಿದ ಹೆಸರಿಲ್ಲದ ಕುಶಲಕರ್ಮಿಗಳು. ಅವರು ಡಿಫರೆನ್ಷಿಯಲ್ ಈಕ್ವೇಷನ್ ಬರೆಯಲಿಲ್ಲ, ಆದರೆ ಉತ್ತರ ತಂದರು. ರಾಮನ್ ಇದನ್ನು ಬಹಿರಂಗವಾಗಿ ಒಪ್ಪಿ, ಆ ಕುಶಲತೆಯನ್ನು ಮೆಚ್ಚಿ ಬರೆದರು.

ವೀಣೆಯ ಕುದುರೆ ಮುರಿದ ನಿಯಮ

ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಯಾವ ಹಾರ್ಮೋನಿಕ್‌ಗೆ ನೋಡ್ ಇದೆಯೋ ಅದು ಕೇಳಿಸಬಾರದು. ಇದು ಥಾಮಸ್ ಯಂಗ್ ಹೆಸರಿನಲ್ಲಿರುವ ಹಳೆಯ ನಿಯಮ. 1921ರ ಹೊತ್ತಿಗೆ ರಾಮನ್ ತಂಬೂರಿ ಮತ್ತು ವೀಣೆಗಳನ್ನು ಪರೀಕ್ಷಿಸಿದಾಗ ಬರಬಾರದ ಸ್ವರ ಗಟ್ಟಿಯಾಗಿಯೇ ಬರುತ್ತಿತ್ತು. ಕಾರಣ ಕುದುರೆಯಲ್ಲಿತ್ತು. ಪಿಟೀಲಿನ ಕುದುರೆ ಚೂಪು; ತಂತಿ ಒಂದು ಬಿಂದುವಿನಲ್ಲಿ ಕೂರುತ್ತದೆ. ನಮ್ಮ ವಾದ್ಯಗಳ ಕುದುರೆ ಅಗಲ, ಮೇಲ್ಮೈ ಸ್ವಲ್ಪ ಬಾಗಿರುತ್ತದೆ. ತಂತಿ ಅದುರುವಾಗ ಆ ಬಾಗಿದ ಮೇಲ್ಮೈಗೆ ಅಂಟುತ್ತಾ ಬಿಡುತ್ತಾ ಇರುತ್ತದೆ. ತಂಬೂರಿಯಲ್ಲಾದರೆ ಜೀವಾಳದ ನೂಲು ಈ ಸ್ಪರ್ಶವನ್ನು ಇನ್ನಷ್ಟು ನಾಜೂಕು ಮಾಡುತ್ತದೆ. ಬೌಂಡರಿ ಕಂಡಿಷನ್ನೇ ಬದಲಾಗುತ್ತಿರುವಾಗ ಹಳೆಯ ನಿಯಮ ಎಲ್ಲಿ ನಿಲ್ಲುತ್ತದೆ? ತಂಬೂರಿ ಝೇಂಕರಿಸುವುದು ಇದರಿಂದಲೇ.

ಈ ಕೆಲಸಗಳ ನಡುವೆಯೇ, 1917ರಲ್ಲಿ, ರಾಮನ್ ದೊಡ್ಡ ನಿರ್ಧಾರ ಮಾಡಿದ್ದರು. ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಹುದ್ದೆಗಾಗಿ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಪ್ಯಾಕೇಜ್ ಬಗ್ಗೆ ಮಾತಾಡುವ ನಮಗೆ ಇದು ಯೋಚಿಸಬೇಕಾದ ವಿಷಯ. 1927ರಲ್ಲಿ ಜರ್ಮನ್ ಭಾಷೆಯ ಹ್ಯಾಂಡ್‌ಬುಖ್ ಡೆರ್ ಫಿಸಿಕ್ ಎಂಬ ಮಹಾಕೋಶದ ಎಂಟನೇ ಸಂಪುಟಕ್ಕೆ ವಾದ್ಯಗಳು ಮತ್ತು ಅವುಗಳ ನಾದದ ಬಗ್ಗೆ ಬರೆದವರು ಇದೇ ಕಲ್ಕತ್ತಾದ ಪ್ರೊಫೆಸರ್. ಅಷ್ಟು ಹೊತ್ತಿಗೆ ವಾದ್ಯಗಳ ವಿಜ್ಞಾನದಲ್ಲಿ ಅವರ ಮಾತಿಗೆ ಜಗತ್ತಿನಲ್ಲೇ ಬೆಲೆ ಬಂದಿತ್ತು.

ಬೆಳಕಿನ ಕಡೆಗೆ

1921ರಲ್ಲಿ ಮೊದಲ ಸಲ ಇಂಗ್ಲೆಂಡಿಗೆ ಹೋದಾಗಲೂ ರಾಮನ್ ಸುಮ್ಮನಿರಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಹರಿಯುವುದನ್ನು ಅಳೆದು ಬಂದರು. ವಾಪಸ್ ಬರುವಾಗ ಹಡಗಿನಿಂದ ಮೆಡಿಟರೇನಿಯನ್ನಿನ ನೀಲಿ ಕಂಡು, ಅದು ಬರೀ ಆಕಾಶದ ಪ್ರತಿಬಿಂಬ ಅಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಅಲ್ಲಿಂದ ಏಳು ವರ್ಷ ದ್ರವಗಳಲ್ಲಿ ಬೆಳಕು ಚದುರುವ ಬಗ್ಗೆಯೇ ಕೆಲಸ. 1923ರಲ್ಲೇ ಕೆ. ಆರ್. ರಾಮನಾಥನ್ ಅವರಿಗೆ, ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಕ್ಷೀಣ ಅಂಶವೊಂದು ಕಂಡಿತ್ತು. ಕಶ್ಮಲ ಇರಬಹುದು ಎಂದು ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರೂ ಅದು ಹೋಗಲಿಲ್ಲ. 1928ರ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ ಜೊತೆಗಿನ ಪ್ರಯೋಗಗಳ ಕೊನೆಗೆ, ಅದು ಹೊಸ ವಿದ್ಯಮಾನ ಎಂದು ಖಚಿತವಾಯಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ನಿನ ಸಭೆಯಲ್ಲಿ, ರಾಮನ್ ಇದನ್ನು ಉಪನ್ಯಾಸವಾಗಿ ಮಂಡಿಸಿದರು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು. ಪ್ರಕಟಣೆಯಲ್ಲಿ ರಾಮನ್ ಮುಂದಾದರು. 1930ರಲ್ಲಿ ನೊಬೆಲ್ ಬಂತು.

ವಿಷಯ ಇಷ್ಟು: ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಚದುರಿದ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿ ಇರುತ್ತದೆ. ಕೋಟಿಗೆ ಒಂದೋ ಎರಡೋ ಫೋಟಾನ್ ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಅಥವಾ ಅದರಿಂದ ಪಡೆದು, ಬಣ್ಣ ಬದಲಿಸಿ ಬರುತ್ತದೆ. ಎಷ್ಟು ಬದಲಾಯಿತು ಎಂದು ಅಳೆದರೆ ಅಣು ಯಾವ ಆವರ್ತನದಲ್ಲಿ ಅದುರುತ್ತಿದೆ ಎಂದು ಗೊತ್ತು. ಪ್ರತಿ ವಸ್ತುವಿಗೂ ತನ್ನದೇ ಆವರ್ತನಗಳ ಸಾಲು. ಪಿಟೀಲಿನ ಒಡಲಿಗೆ ಗ್ರಾಫ್ ಇದ್ದ ಹಾಗೆ ಅಣುವಿಗೂ ಒಂದು ಗ್ರಾಫ್.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮುಂದಿನ ವರ್ಷ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ನಾಗೇಂದ್ರನಾಥ್ ಜೊತೆ, ದ್ರವದಲ್ಲಿ ಅಲ್ಟ್ರಾಸೌಂಡ್ ಅಲೆ ಹೋಗುವಾಗ ಅದರಿಂದ ಬೆಳಕು ಹೇಗೆ ಬಾಗುತ್ತದೆ ಎಂಬ ಸಿದ್ಧಾಂತ ಕೊಟ್ಟರು. ಸದ್ದು, ಬೆಳಕು ಎರಡೂ ಒಂದೇ ಸಮೀಕರಣದಲ್ಲಿ. ಇವತ್ತಿನ ಅಕೌಸ್ಟೋ-ಆಪ್ಟಿಕ್ ಉಪಕರಣಗಳ ಬೇರು ಅಲ್ಲಿದೆ.

ಆದರೆ ರಾಮನ್ ಅವರನ್ನು ದೇವರ ಪಟದ ಹಾಗೆ ಗೋಡೆಗೆ ಹಾಕುವುದು ಸರಿಯಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಪ್ರವೇಶ ಕೇಳಿದಾಗ, ಹೆಣ್ಣು ಎಂಬ ಕಾರಣಕ್ಕೆ ಅವರು ನಿರಾಕರಿಸಿದರು. ಕಮಲಾ ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಅವರು ಗೆದ್ದರು, ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ ಪ್ರಸಿದ್ಧರಾಗಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಆಮೇಲೆ ರಾಮನ್ ಲ್ಯಾಬಿನಲ್ಲೇ ಅನ್ನಾ ಮಣಿಯವರಂಥವರು ಕೆಲಸ ಮಾಡಿದರು, ನಿಜ. ಆದರೆ ಬಾಗಿಲು ತೆರೆದದ್ದು ಒಳಗಿದ್ದವರಲ್ಲ, ಹೊರಗೆ ನಿಂತು ಹಟ ಹಿಡಿದವರು. ಸ್ಫಟಿಕಗಳ ಕಂಪನದ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ವಾದ ಮಾಡಿದರು. ಅದರಲ್ಲಿ ಸರಿ ಇದ್ದದ್ದು ಬಾರ್ನ್. ಸಂಸ್ಥೆಯೊಳಗಿನ ಜಗಳದಲ್ಲಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. 1948ರ ತನಕ ಪ್ರೊಫೆಸರ್ ಆಗಿ ಉಳಿದು, ನಂತರ ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ನಡೆಸಿದರು. 1954ರಲ್ಲಿ ಭಾರತ ರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಷ್ಟದಂತೆ ಆ ಸಂಸ್ಥೆಯ ತೋಟದಲ್ಲೇ ದಹನ ಮಾಡಿದರು. ಅಲ್ಲಿ ಸ್ಮಾರಕ ಇಲ್ಲ, ಒಂದು ಮರ ಇದೆ.

ಅಸಲಿ ಯಾವುದು, ನಕಲಿ ಯಾವುದು

ಈಗ ವಾದ್ಯಕ್ಕೆ ವಾಪಸ್ ಬರೋಣ. ಇಟಲಿಯ ಕ್ರೆಮೋನಾ ಊರಿನ ಆಂಟೋನಿಯೋ ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡರು. ಅವರ ಸುಮಾರು 650 ವಾದ್ಯಗಳು ಉಳಿದಿವೆ ಎಂಬ ಲೆಕ್ಕ. ಆದರೆ ಅವರ ಹೆಸರಿನ ಲೇಬಲ್ ಇರುವ ಪಿಟೀಲುಗಳು ಲಕ್ಷಗಟ್ಟಲೆ! ಜರ್ಮನಿ ಮತ್ತು ಬೊಹೆಮಿಯಾದ ಕಾರ್ಖಾನೆಗಳು ಮಾದರಿಯ ಹೆಸರಾಗಿ ಆ ಲೇಬಲ್ಲನ್ನು ಎಲ್ಲದಕ್ಕೂ ಅಂಟಿಸಿದವು. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಪಿಟೀಲು ಸಿಕ್ಕಿದರೆ ಕುಣಿಯಬೇಡಿ. ಹಾಗಾದರೆ ಅಸಲಿ ಎಂದು ಹೇಳುವುದು ಹೇಗೆ?

ಒಂದು ದಾರಿ ಮರದ ಉಂಗುರ. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು. ತಂಪು ದೇಶದ ಈ ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಉಂಗುರಗಳ ಅಗಲ, ಸಪೂರದ ಸರಣಿಯನ್ನು ಆಲ್ಪ್ಸ್ ಪರ್ವತದ ಮರಗಳ ದಾಖಲೆಯೊಡನೆ ಹೊಂದಿಸಿದರೆ ಕೊನೆಯ ಉಂಗುರದ ವರ್ಷ ಸಿಗುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ಇದು ಕ್ರಾಸ್-ಕೋರಿಲೇಷನ್ ಅಷ್ಟೆ. 1611ರಲ್ಲಿ ಅಮಾತಿ ಮನೆತನದವರು ಮಾಡಿದ್ದು ಎಂದು ನಂಬಿದ್ದ ಒಂದು ಪ್ರಸಿದ್ಧ ಡಬಲ್ ಬಾಸ್ ವಾದ್ಯದಲ್ಲಿ ಕೊನೆಯ ಉಂಗುರ 1761ರದ್ದು ಎಂದು ಕಂಡುಬಂತು. ಮರ ಬೆಳೆಯುವ ಮೊದಲೇ ವಾದ್ಯ ಆಗುವುದಿಲ್ಲವಲ್ಲ! ಅಲ್ಲಿಗೆ ಆ ಕಥೆ ಮುಗಿಯಿತು. ಇನ್ನೊಂದು, ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ ಮೆಸ್ಸಾಯ ಎಂಬ ಪಿಟೀಲು. ಅದರ ಮೇಲೆ 1716 ಎಂದಿದೆ, ಆದರೆ 19ನೇ ಶತಮಾನದ ನಕಲು ಇರಬಹುದು ಎಂಬ ಅನುಮಾನ ಎದ್ದಿತು. ಉಂಗುರಗಳು 1680ರ ದಶಕಕ್ಕೆ ಮುಗಿಯುತ್ತವೆ ಎಂದು ಬೇರೆ ಬೇರೆ ತಂಡಗಳು ಹೇಳಿದವು. ಅಂದರೆ 1716ಕ್ಕೆ ಹೊಂದುತ್ತದೆ. ಹೊಂದುತ್ತದೆ ಎಂದಷ್ಟೇ ಹೇಳಬಹುದು. ಉಂಗುರ ಮರದ ವಯಸ್ಸು ಹೇಳುತ್ತದೆ, ಕೈ ಯಾರದ್ದು ಎಂದು ಹೇಳುವುದಿಲ್ಲ.

ಎರಡನೆಯ ದಾರಿ ವಾರ್ನಿಶ್ ಮತ್ತು ಬಣ್ಣ. ಇಲ್ಲಿ ಬರುತ್ತದೆ ರಾಮನ್ ಪರಿಣಾಮ. ಇಂಗಳೀಕದ ಕೆಂಪಿಗೆ ಸೆಂಟಿಮೀಟರಿಗೆ 253 ಮತ್ತು 343 ಅಲೆಗಳ ಆಸುಪಾಸಿನಲ್ಲಿ ಗೆರೆಗಳು. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ರೂಪಕ್ಕೆ 144ರ ಹತ್ತಿರ ಬಲವಾದ ಗೆರೆ. ವಾದ್ಯ ಕೆರೆಯಬೇಕಾಗಿಲ್ಲ, ಲೇಸರ್ ಬಿಟ್ಟರೆ ಸಾಕು. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದೇ 20ನೇ ಶತಮಾನದಲ್ಲಿ. ಹಾಗಾಗಿ 1700ರ ವಾದ್ಯದ ಮೂಲ ಬಣ್ಣದಲ್ಲಿ ಅದು ಕಂಡರೆ ಏನೋ ಎಡವಟ್ಟಾಗಿದೆ ಎಂದರ್ಥ. ಕೊಲಂಬಸ್‌ಗೂ ಮೊದಲೇ ಅಮೆರಿಕ ತೋರಿಸಿದ ನಕಾಶೆ ಎಂದು ಹೆಸರಾಗಿದ್ದ ವಿನ್‌ಲ್ಯಾಂಡ್ ನಕಾಶೆಯ ಶಾಯಿಯಲ್ಲಿ, 2002ರಲ್ಲಿ, ರಾಮನ್ ಸೂಕ್ಷ್ಮದರ್ಶಕದಿಂದ ಅನಟೇಸ್ ಕಂಡಿತು. 2021ರಲ್ಲಿ ಯೇಲ್ ವಿಶ್ವವಿದ್ಯಾಲಯ ಅದು ನಕಲಿ ಎಂದು ಘೋಷಿಸಿತು. ಪ್ಯಾರಿಸ್ಸಿನ ಸಂಗೀತ ಮ್ಯೂಸಿಯಂನ ಐದು ಸ್ಟ್ರಾಡಿವಾರಿ ವಾದ್ಯಗಳ ವಾರ್ನಿಶ್ ಪರೀಕ್ಷೆಯ ಫಲಿತಾಂಶ 2009ರಲ್ಲಿ ಬಂತು. ಗುಪ್ತ ರಸಾಯನ ಏನೂ ಇರಲಿಲ್ಲ: ಎಣ್ಣೆಯ ಒಂದು ಪದರ, ಎಣ್ಣೆ-ರಾಳದ ಇನ್ನೊಂದು ಪದರ, ಕೆಲವದರಲ್ಲಿ ಕೆಂಪು ಬಣ್ಣ. ಆಗಿನ ಬಣ್ಣದವರೆಲ್ಲ ಬಳಸುತ್ತಿದ್ದ ಸಾಮಾನೇ.

ರಾಮನ್ ವಿಧಾನಕ್ಕೂ ಮಿತಿ ಉಂಟು. ಹಳೆಯ ವಾರ್ನಿಶ್ ಲೇಸರ್ ಬಿದ್ದರೆ ತಾನೇ ಹೊಳೆಯುತ್ತದೆ. ಆ ಹೊಳಪಿನಲ್ಲಿ ಕ್ಷೀಣ ಗೆರೆಗಳು ಮುಳುಗಿಹೋಗುತ್ತವೆ. ಅದಕ್ಕೆ 785 ಅಥವಾ 1064 ನ್ಯಾನೋಮೀಟರಿನ ಕೆಂಪಾಚೆಯ ಲೇಸರ್ ಬಳಸುತ್ತಾರೆ.

ಮೂರನೆಯದು ಕಿವಿ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಪಿಟೀಲು ವಾದಕರಿಗೆ ಮಂದ ಬೆಳಕಿನ ಕೋಣೆಯಲ್ಲಿ, ಕಪ್ಪು ಕನ್ನಡಕ ಹಾಕಿಸಿ, ಮೂರು ಹಳೆಯ ಇಟಾಲಿಯನ್ ಮತ್ತು ಮೂರು ಹೊಸ ಪಿಟೀಲು ಕೊಟ್ಟರು. ಹೆಚ್ಚಿನವರಿಗೆ ಯಾವುದು ಹಳತು, ಯಾವುದು ಹೊಸತು ಎಂದು ಹೇಳಲಾಗಲಿಲ್ಲ. ಹೆಚ್ಚು ಮೆಚ್ಚಿಗೆ ಪಡೆದದ್ದು ಒಂದು ಹೊಸ ಪಿಟೀಲು. ನುಡಿಸುವವನ ನಂಬಿಕೆಯಿಂದ ವಾದ್ಯವನ್ನು ಬೇರೆ ಮಾಡಿ ನೋಡಬೇಕು ಎಂದು 90 ವರ್ಷ ಮೊದಲು ರಾಮನ್ ಯಂತ್ರ ಕಟ್ಟಿದ್ದು ಯಾಕೆ ಎಂದು ಈಗ ಅರ್ಥ ಆಗುತ್ತದೆ, ಅಲ್ವಾ?

ನಮ್ಮ ವಾದ್ಯಗಳಿಗೆ ಯಾವ ಪುರಾವೆ?

ಇದೆಲ್ಲ ಯುರೋಪಿನ ಮಾತಾಯಿತು. ಮೈಸೂರಿನ ಒಂದು ಹಳೆಯ ವೀಣೆ, ನಮ್ಮ ಕಡೆಯ ಒಂದು ಅಜ್ಜನ ಕಾಲದ ಮದ್ದಳೆ ತಂದು, ಇದು ಎಷ್ಟು ಹಳೆಯದು ಎಂದು ಕೇಳಿದರೆ? ಅವು ಹೆಚ್ಚಾಗಿ ಹಲಸಿನ ಮರದ್ದು. ಹಲಸಿನಲ್ಲಿ ಸ್ಪ್ರೂಸಿನ ಹಾಗೆ ವರ್ಷದ ಉಂಗುರ ಸ್ಪಷ್ಟವಾಗಿ ಇರುವುದಿಲ್ಲ. ಕಾರ್ಬನ್-14 ಮಾಡೋಣ ಎಂದರೆ, ಸುಮಾರು 1650ರಿಂದ 1950ರ ನಡುವಿನ ಕಾಲಕ್ಕೆ ಅದು ಒಂದೇ ಉತ್ತರ ಕೊಡುವುದಿಲ್ಲ, ಹಲವು ಉತ್ತರ ಕೊಡುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ 1950ರ ದಶಕದ ನಂತರ ಗಾಳಿಯಲ್ಲಿ ಕಾರ್ಬನ್-14 ಏರಿದ್ದರಿಂದ, ಆಮೇಲಿನ ಮರವನ್ನು ಮಾತ್ರ ಸುಲಭವಾಗಿ ಹಿಡಿಯಬಹುದು. ಅಂದರೆ ನಕಲಿ ಸಿಕ್ಕಿಬೀಳುತ್ತದೆ. ಅಸಲಿಗೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಉಳಿಯುವುದು ಅರಗು, ಬಣ್ಣ, ಬಿಳಿ ಕೆತ್ತನೆ. ವೀಣೆಯ ಮೇಲಿನ ಬಿಳಿ ಕೆತ್ತನೆ ಆನೆದಂತವೋ ಪ್ಲಾಸ್ಟಿಕ್ಕೋ ಎಂದು ರಾಮನ್ ಸ್ಪೆಕ್ಟ್ರಮ್ ಹೇಳಬಲ್ಲದು. ಆದರೆ ಹೋಲಿಸಲು ದಾಖಲೆ ಬೇಕು. ಯುರೋಪಿನಲ್ಲಿ ಸಾವಿರಾರು ಪಿಟೀಲುಗಳ ಅಳತೆ, ಫೋಟೋ, ಉಂಗುರಗಳ ಪಟ್ಟಿ ಇದೆ. ಕರಣೆ ಮೆತ್ತುವವರ, ಮದ್ದಳೆ ಕಡೆಯುವವರ ಕೆಲಸಕ್ಕೆ ನಮ್ಮಲ್ಲಿ ಅಂಥ ಪಟ್ಟಿ ಎಲ್ಲಿದೆ? ವಾದ್ಯ ಹಳತಾದರೆ ಹೊಸ ಚರ್ಮ ಹಾಕುತ್ತೇವೆ, ಕರಣೆ ಬದಲಿಸುತ್ತೇವೆ, ಬಣ್ಣ ಬಳಿಯುತ್ತೇವೆ. ಅದು ತಪ್ಪಲ್ಲ, ವಾದ್ಯ ಇರುವುದೇ ನುಡಿಸಲಿಕ್ಕೆ. ಆದರೆ ಬದಲಿಸುವ ಮೊದಲು ಬರೆದಿಡುವವರು ಬೇಕು.

ಇದಕ್ಕೆ ನೊಬೆಲ್ ಬೇಕಾಗಿಲ್ಲ. ರಾಮನ್ ಹತ್ತಿರ ಇದ್ದದ್ದು ಮರಳು, ಹಳಿ, ಒಂದು ಕ್ಯಾಮೆರಾ, ಜೊತೆಗೆ ಆಶುತೋಷ್ ಡೇ. ನಮ್ಮ ಕಿಸೆಯಲ್ಲಿರುವ ಫೋನಿನಲ್ಲಿ ಮೈಕ್ ಇದೆ, ಲ್ಯಾಪ್‌ಟಾಪಿನಲ್ಲಿ ಪೈಥಾನ್ ಇದೆ. ರಜೆಗೆ ಊರಿಗೆ ಹೋದಾಗ ಪರಿಚಯದ ಮದ್ದಳೆಗಾರರ ಹತ್ತಿರ ಕೇಳಿ, ಬಲದ ಕಡೆಯ ಒಂದು ಪೆಟ್ಟು ರೆಕಾರ್ಡ್ ಮಾಡಿ ಎಫ್‌ಎಫ್‌ಟಿ ಹಾಕಿ ನೋಡಿ. ಶಿಖರಗಳು 1, 2, 3, 4, 5ಕ್ಕೆ ಎಷ್ಟು ಹತ್ತಿರ ಬಂದವು ಎಂದು ಬರೆಯಿರಿ. ಜೊತೆಗೆ ಮರ ಯಾವುದು, ಮಾಡಿದವರು ಯಾರು, ಕರಣೆ ಯಾವಾಗ ಹಾಕಿದ್ದು, ಎಷ್ಟು ಅಗಲ ಎಂಬುದನ್ನೂ ಅವರನ್ನು ಕೇಳಿಯೇ ಬರೆಯಿರಿ. ನೂರು ವರ್ಷದ ನಂತರ ಯಾರೋ ಒಬ್ಬ ವಿದ್ಯಾರ್ಥಿ ಆ ಮದ್ದಳೆಯ ಮುಂದೆ ಲೇಸರ್ ಹಿಡಿದು ನಿಂತಾಗ, ಅವನಿಗೆ ಹೋಲಿಸಲು ಒಂದು ಸಾಲು ಇರಲಿ.